ಮೈಯಲ್ಲಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ 9 ಬಂದಿದೆ. ಖಿನ್ನತೆಗೆ ಉರಿಯೂತವೇ ಕಾರಣ ಅಂತ ಓದಿದೆ. ಹಾಗಾದರೆ ಖಿನ್ನತೆಯ ಮಾತ್ರೆ ಬಿಟ್ಟು ಅರಿಶಿನ, ಪಥ್ಯ ಹಿಡಿಯಬಹುದೇ?

ಬಿಡಬೇಡಿ. ನಾನು ಬಿಟ್ಟು ಅನುಭವಿಸಿದವಳು.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ಉರಿಯೂತದ ಕಾಯಿಲೆ. ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್. ಬೆಳಗಿನ ಮೊದಲ ಪಿರಿಯಡ್ಡಿಗೆ ಸೀಮೆಸುಣ್ಣ ಹಿಡಿಯೋಕೂ ಬೆರಳು ಮಡಚುತ್ತಿರಲಿಲ್ಲ. ಜೊತೆಗೆ ಯಾವುದೂ ಬೇಡ ಅನ್ನಿಸುವ ಮನಸ್ಸು. ಕೀಲಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಮನಸ್ಸಿಗೆ ದಿನಾ ಎಸ್ಸಿಟಲೋಪ್ರಾಮ್, ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾದವು. ಊತ ಇಳಿಯಿತು, ಸಿಆರ್‌ಪಿ ನಾರ್ಮಲ್ ಆಯಿತು, ಮನಸ್ಸೂ ಹಗುರವಾಯಿತು. ಆಗಲೇ ನೀವು ಓದಿದಂಥದ್ದನ್ನು ನಾನೂ ಓದಿದ್ದು. 'ಓಹೋ, ಎಲ್ಲ ಕೀಲಿನದೇ ಆಟ' ಅಂದುಕೊಂಡು ಮನಸ್ಸಿನ ಮಾತ್ರೆ ನಿಲ್ಲಿಸಿದೆ.

ಪ್ರಯೋಗದಲ್ಲಿ ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಹೇಳಲಾಗದು ಅಂತ ಮಕ್ಕಳಿಗೆ ಪಾಠ ಮಾಡುವವಳು ನಾನು! ಅದೂ ನಿಲ್ಲಿಸಿದ್ದು ಹೇಗೆ? ಡೋಸ್ ಇಳಿಸುತ್ತಾ ಬರಲಿಲ್ಲ, ಒಂದೇ ಸಲಕ್ಕೆ. ಇಬ್ಬರು ಡಾಕ್ಟರಲ್ಲಿ ಒಬ್ಬರಿಗೂ ಹೇಳಲಿಲ್ಲ. ಮೊದಲು ತಲೆಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ. ಅದು ಹೋಯಿತು ಅನ್ನುವಷ್ಟರಲ್ಲಿ ಹಳೆಯ ಕತ್ತಲೆ ವಾಪಸ್. ರಕ್ತ ಪರೀಕ್ಷೆ ಮಾಡಿಸಿದರೆ ಸಿಆರ್‌ಪಿ ಆಗಲೂ ನಾರ್ಮಲ್ಲೇ! ಆ ವರ್ಷದ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಸಂಬಳವಿಲ್ಲದ ರಜೆ ಹಾಕಿದೆ.

ಉರಿಯೂತದ ಮಾತು ಸುಳ್ಳಲ್ಲ. ಹೆಪಟೈಟಿಸ್ ಸಿ ರೋಗಿಗಳಿಗೆ, ಮೈಯಲ್ಲಿ ಉರಿಯೂತ ಕೆರಳಿಸುವ ಇಂಟರ್‌ಫೆರಾನ್ ಚುಚ್ಚುತ್ತಿದ್ದ ಕಾಲದಲ್ಲಿ ಎಷ್ಟೋ ಜನ ಖಿನ್ನತೆಗೆ ಜಾರಿದ್ದರು. ಆದರೆ 2013ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು, ಮಾತ್ರೆಗೆ ಬಗ್ಗದ ಖಿನ್ನತೆಯ 60 ಜನರ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಅದು ಉರಿಯೂತ ಇಳಿಸಲು ನನ್ನಂಥವರ ಕೀಲಿಗೆ ಕೊಡುವ ಔಷಧಿ. ಒಟ್ಟಾರೆ ನೋಡಿದರೆ ಬರೀ ಹುಸಿಮದ್ದಿಗಿಂತ ಹೆಚ್ಚೇನೂ ಆಗಲಿಲ್ಲ. ಸಿಆರ್‌ಪಿ 5ರ ಮೇಲಿದ್ದವರಲ್ಲಿ ಮಾತ್ರ ಗುಣದ ಸೂಚನೆ ಕಂಡಿತು. ಇಷ್ಟಕ್ಕೇ 'ಖಿನ್ನತೆ ಅಂದರೆ ಉರಿಯೂತ' ಅಂತ ಡಂಗುರ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು.

ನಿಮ್ಮ 9 ಹುಳುಕು ಹಲ್ಲಿನದೂ ಇರಬಹುದು, ಹೋದ ವಾರದ ಜ್ವರದ್ದೂ ಇರಬಹುದು, ಮೈತೂಕದ್ದೂ ಇರಬಹುದು. ಆ ರಿಪೋರ್ಟನ್ನು ಫಿಸಿಶಿಯನ್ನಿಗೂ ತೋರಿಸಿ, ಮನೋವೈದ್ಯರಿಗೂ ತೋರಿಸಿ. ಅರಿಶಿನ ಸಾರಿಗೆ ಧಾರಾಳ ಹಾಕಿ, ಆದರೆ ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಅಪಾಯಿಂಟ್‌ಮೆಂಟ್ ಸಿಗುವ ಮೊದಲೇ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.