ಭಾನುವಾರ ಬೇಡ, ಮಂಗಳವಾರ ಬನ್ನಿ

ಗದಗದಿಂದ ಕೆಲಸಕ್ಕೆಂದು ಮಂಗಳೂರಿಗೆ ಬಂದು ಮೂರು ತಿಂಗಳಾಯಿತು ಎಂದು ಬರೆದಿದ್ದೀರಿ. ಮಂಗಳೂರು, ಉಡುಪಿಯಲ್ಲಿ ಜನರಿಗೆ ಊಟ ಕೊಡುವ, ಅಡುಗೆ ಮತ್ತು ಬೇಸಾಯ ಕಲಿಸುವ ಸಂಘಟನೆಗಳು ಯಾವುವು, ವಾರಕ್ಕೆ ಒಂದು ದಿನ ಬಿಡುವಿರುವ ಹೊರಗಿನವರಿಂದ ಅವರಿಗೇನಾದರೂ ಉಪಯೋಗವಿದೆಯೇ ಎಂಬುದು ನಿಮ್ಮ ಪ್ರಶ್ನೆ. ಯಾವ ದಿನ ಬಿಡುವು ಎಂದು ಮಾತ್ರ ಹೇಳಿಲ್ಲ. ಭಾನುವಾರವಾದರೆ ಆರಾಮವಾಗಿ ಮನೆಯಲ್ಲಿರಿ. ಭಾನುವಾರ ನಮ್ಮಲ್ಲಿ ಬಡಿಸಲು ಬಂದವರು ಉಣ್ಣಲು ಬಂದವರಿಗಿಂತ ಹೆಚ್ಚಾದದ್ದೂ ಉಂಟು. ಮಗುವಿನ ಹುಟ್ಟುಹಬ್ಬ, ಅಜ್ಜನ ವರ್ಷಾಂತಿಕ, ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಎಲ್ಲರಿಗೂ ಅದೇ ದಿನ ಬೇಕು. ಮಂಗಳವಾರ ಸಂಜೆ ಕೊಪ್ಪರಿಗೆ ತಿಕ್ಕಲು ಉಳಿಯುವುದು ನಾವು ಮೂವರೇ.

ನಾನು ಕಚೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ನಮ್ಮ ಬೀದಿಯ ಭಜನಾ ಮಂದಿರದ ಹಿಂದೆ ಒಂದು ಅಡುಗೆ ಕೋಣೆಯಿದೆ. ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ಬಾಗಿಲು ತೆರೆದು, ಉಳಿದ ದಿನ ಹಲ್ಲಿಗಳಿಗೆ ಬಿಟ್ಟ ಕೋಣೆ ಅದು. ಅಲ್ಲಿ ವಾರಕ್ಕೆ ಎರಡು ಸಂಜೆ ಸುಮಾರು ಎಂಬತ್ತು ಜನರಿಗೆ ಅಡುಗೆ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯುತ್ತೇವೆ. ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ. ಹಾಗಾಗಿ ನಾನು ಹೇಳುವುದೆಲ್ಲ ಆ ಕೋಣೆಯ ಬಾಗಿಲಿನಿಂದ ಕಂಡದ್ದು ಎಂದುಕೊಂಡು ಓದಿ.

ಈ ಕರಾವಳಿಯಲ್ಲಿ ಊಟ ಹಾಕುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಉಡುಪಿಯ ಕೃಷ್ಣನಿಗೆ ಅನ್ನಬ್ರಹ್ಮ ಎಂದೇ ಹೆಸರು. ಮಠದಲ್ಲಿ ದಿನವೂ ಸಾವಿರಾರು ಜನ ಊಟ ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಪರ್ಯಾಯದಲ್ಲಿ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆದರೆ ಅದಕ್ಕೂ ಸುಮಾರು ಒಂದು ವರ್ಷ ಮೊದಲೇ ಶುರುವಾಗುವ ಮುಹೂರ್ತಗಳನ್ನು ಗಮನಿಸಿದ್ದೀರಾ? ಮೊದಲು ಬಾಳೆ, ಆಮೇಲೆ ಅಕ್ಕಿ, ಆಮೇಲೆ ಕಟ್ಟಿಗೆ, ಕೊನೆಗೆ ಭತ್ತ. ಎರಡು ವರ್ಷ ಬಂದವರಿಗೆಲ್ಲ ಬಡಿಸಬೇಕು, ಅದಕ್ಕೆ ಎಲೆ ಬೇಕು, ಎಲೆಗೆ ಗಿಡ ಬೇಕು. ಅಂದರೆ ಇವರು ಎಲ್ಲಕ್ಕಿಂತ ಮೊದಲು ನೆಡುವುದು ಊಟದ ತಟ್ಟೆಯನ್ನು! ಮಧ್ವ ಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿ ನಿಲ್ಲಿಸುತ್ತಾರೆ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅದನ್ನು ನೋಡಿದಾಗಲೆಲ್ಲ ಗ್ಯಾಸ್ ಸಿಲಿಂಡರ್ ಖಾಲಿಯಾದ ನಮ್ಮ ಸಂಜೆಗಳನ್ನು ನೆನೆದು ಹೊಟ್ಟೆಕಿಚ್ಚು ಪಡುತ್ತೇನೆ. ಪಂಕ್ತಿಭೇದದ ವಾದ ಆ ಊರಿನಲ್ಲಿ ಮತ್ತೆ ಮತ್ತೆ ಎದ್ದಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಎಲೆ ಹಾಕುವಾಗ ಜಾತಿ ಕೇಳುವುದು ನನ್ನ ಮಟ್ಟಿಗೆ ಊಟವನ್ನು ಕೆಡಿಸುವ ಕೆಲಸವೇ. ಅಡುಗೆಯ ಯೋಜನೆಯನ್ನು ಮಾತ್ರ ಅವರಿಂದಲೇ ಕಲಿಯಬೇಕು.

ಇನ್ನು ಇಲ್ಲಿನ ದೇವಸ್ಥಾನಗಳ ಬ್ರಹ್ಮಕಲಶೋತ್ಸವ ಬಂದರೆ ಹೊರೆಕಾಣಿಕೆ, ಅಂದರೆ ಅಡುಗೆಗೆಂದು ಭಕ್ತರು ಕೊಡುವ ಸಾಮಾನು. ಊರೂರಿನಿಂದ ಲಾರಿಗಳಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಕುಂಬಳಕಾಯಿ ಮೆರವಣಿಗೆಯಲ್ಲಿ ಬರುತ್ತವೆ. ಈ ಸೌತೆ ನಿಮ್ಮ ಕಡೆಯ ಎಳೆ ಸೌತೆಯಂತಲ್ಲ. ಹಳದಿ ಬಣ್ಣದ, ದಪ್ಪ ಸಿಪ್ಪೆಯ ಮಂಗಳೂರು ಸೌತೆ ಇದು, ಚಾವಣಿಗೆ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಉತ್ಸವ ಮುಗಿದ ಮೇಲೆ ಉಳಿದದ್ದನ್ನು ಕೇಳಿದರೆ ಕೊಡುತ್ತಾರೆ. ನಮ್ಮ ಕೋಣೆಯ ಅಟ್ಟದಲ್ಲಿ ಈಗಲೂ ಇಪ್ಪತ್ತು ಮೂವತ್ತು ಸೌತೆ ನೇತಾಡುತ್ತಿವೆ. ಚರ್ಚುಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬ, ಮಸೀದಿಗಳಲ್ಲಿ ರಂಜಾನಿನ ಇಫ್ತಾರ್, ಎಲ್ಲ ಕಡೆಯೂ ಹಬ್ಬದ ದಿನ ಯಾರೂ ಹಸಿದಿರುವುದಿಲ್ಲ.

ತೊಂದರೆ ಇರುವುದು ಹಬ್ಬವಿಲ್ಲದ ದಿನದ ರಾತ್ರಿ ಎಂಟು ಗಂಟೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಗೆ ಊಟ ಬರುತ್ತದೆ, ಪಕ್ಕದಲ್ಲಿ ಚಾಪೆ ಹಾಸಿ ಮಲಗುವವರಿಗೆ ಬರುವುದಿಲ್ಲ. ಹಂಪನಕಟ್ಟೆಯ ವೆನ್ಲಾಕ್ 1848ರಿಂದ ಇರುವ ಆಸ್ಪತ್ರೆ. ಅಲ್ಲಿಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದಿಂದಲೂ ಜನ ಬರುತ್ತಾರೆ. ಒಂದು ದಿನವೆಂದು ಬಂದವರು ಹದಿನೈದು ದಿನ ಉಳಿಯುತ್ತಾರೆ. ಕೈಯಲ್ಲಿದ್ದ ದುಡ್ಡು ಮೊದಲು ಔಷಧಿಗೆ, ಆಮೇಲೆ ರೋಗಿಯ ಎಳನೀರಿಗೆ, ತಮ್ಮ ಊಟಕ್ಕೆ ಎಲ್ಲಕ್ಕಿಂತ ಕೊನೆಗೆ. ಎಂ. ಫ್ರೆಂಡ್ಸ್ ಟ್ರಸ್ಟ್‌ನವರು ‘ಕಾರುಣ್ಯ’ ಎಂಬ ಹೆಸರಿನಲ್ಲಿ ವೆನ್ಲಾಕ್‌ನಲ್ಲಿ ಜೊತೆಗಿರುವವರಿಗೆ ರಾತ್ರಿಯ ಊಟ ಕೊಡುತ್ತಾ ಬಂದಿದ್ದಾರೆ. ಸಂಘಟನೆಯ ಹೆಸರು ಬೇಕೆಂದರೆ ನಾನು ಮೊದಲು ಹೇಳುವುದು ಅದನ್ನೇ. ನಾವು ಮಾಡುವುದೂ ಅದೇ ಕೆಲಸ, ಆದರೆ ಬೇರೆ ಆಸ್ಪತ್ರೆಯಲ್ಲಿ, ಬಹಳ ಸಣ್ಣ ಮಟ್ಟದಲ್ಲಿ.

ಸಣ್ಣ ಮಟ್ಟದಲ್ಲಾದರೂ ತಪ್ಪುಗಳು ದೊಡ್ಡವೇ ಆಗುತ್ತವೆ. ಮೊದಲ ವರ್ಷದ ಮೇ ತಿಂಗಳು. ಮಧ್ಯಾಹ್ನ ಮೂರು ಗಂಟೆಗೆ ಒಂದು ಕಲ್ಯಾಣ ಮಂಟಪದಿಂದ ಫೋನ್: ಇನ್ನೂರು ಊಟ ಉಳಿದಿದೆ, ಬೇಗ ಬನ್ನಿ. ನಮಗೆ ಖುಷಿಯೋ ಖುಷಿ. ರಿಕ್ಷಾದಲ್ಲಿ ನಾಲ್ಕು ಡಬ್ಬಿ ತುಂಬಿಸಿ ತಂದು, ಆ ದಿನದ ಒಲೆಯನ್ನೇ ಹಚ್ಚಲಿಲ್ಲ. ಸಂಜೆ ಆರೂವರೆಗೆ ಸಾಂಬಾರಿನ ಮುಚ್ಚಳ ತೆಗೆದರೆ ಮೇಲೆ ಸಣ್ಣ ಸಣ್ಣ ಗುಳ್ಳೆ. ಯಾರೂ ಮಾತನಾಡಲಿಲ್ಲ. ನಮ್ಮಲ್ಲಿ ಅಡುಗೆ ಮಾಡುವ ಭಟ್ಟರು ಸೌಟಿನಲ್ಲಿ ಸ್ವಲ್ಪ ಎತ್ತಿ ಮೂಗಿನ ಹತ್ತಿರ ಹಿಡಿದು, ಹಾಗೆಯೇ ಹಿತ್ತಲಿಗೆ ನಡೆದರು. ಬೆಳಿಗ್ಗೆ ಏಳಕ್ಕೆ ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು. ಬಿಸಿ ಇರುವಾಗಲೇ ಮುಚ್ಚಳ ಬಿಗಿದು, ಈ ಊರಿನ ಸೆಕೆಯಲ್ಲಿ ಮೂರೂವರೆ ಗಂಟೆ ಇಟ್ಟರೆ ಇನ್ನೇನಾದೀತು? ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿದೆವು. ಆಮೇಲೆ ಏಳು ಕಿಲೋ ಕುಚ್ಚಲಕ್ಕಿ ತೊಳೆದು ಒಲೆಗೇರಿಸಿದರೆ, ಆ ಅಕ್ಕಿಗೆ ಅವಸರ ಎಂಬುದೇ ಗೊತ್ತಿಲ್ಲ. ಗಂಜಿ, ಉಪ್ಪಿನಕಾಯಿ ಹಿಡಿದುಕೊಂಡು ನಾವು ಆಸ್ಪತ್ರೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಹಲವರು ಬನ್ನು ತಿಂದು ಮಲಗಿಬಿಟ್ಟಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.

ಆ ಮೇಲೆ ಉಳಿದ ಅಡುಗೆಗೆ ನಮ್ಮಲ್ಲಿ ಕಟ್ಟುನಿಟ್ಟು. ತೆಂಗಿನಕಾಯಿ ಹಾಕಿದ್ದು, ಹಾಲು ಹಾಕಿದ ಪಾಯಸ, ಮೊಸರನ್ನ ಬೇಡವೇ ಬೇಡ. ಅಡುಗೆ ಇಳಿಸಿ ನಾಲ್ಕು ಗಂಟೆ ಕಳೆದಿದ್ದರೆ ಏನೂ ಬೇಡ. ಕೊಡುವವರಿಗೆ ಸಿಟ್ಟು ಬರುತ್ತದೆ, ಬರಲಿ. ಹೆಚ್ಚಾಗಿ ಉಳಿದ ಅಡುಗೆಯನ್ನು ಸಂಗ್ರಹಿಸಿ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಗಳೇ ಇವೆ. ಉಚಿತವಾಗಿ ಕೊಡುವವರಿಗೆ ಕಾನೂನು ಅನ್ವಯಿಸುವುದಿಲ್ಲ ಎಂದುಕೊಂಡವರು ಬಹಳ. ಲಾಭವಿರಲಿ ಇಲ್ಲದಿರಲಿ, ಆಹಾರ ಕೊಡುವವರನ್ನೆಲ್ಲ ಆ ಕಾನೂನು ಒಂದೇ ಕಣ್ಣಿನಿಂದ ನೋಡುತ್ತದೆ. ಸಣ್ಣವರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ, ಅದನ್ನು ಮಾಡಿಸಿಕೊಳ್ಳದಿರಲು ನೆಪವೇ ಇಲ್ಲ. ನೀವು ಯಾವ ಸಂಘಟನೆಗೆ ಹೋದರೂ ಮೊದಲು ಅಡುಗೆ ಕೋಣೆ ತೋರಿಸಿ ಎನ್ನಿ. ಫೋಟೊ ಆಲ್ಬಮ್ ಮೊದಲು ತೋರಿಸಿದರೆ ಚಹಾ ಕುಡಿದು ಹೊರಟುಬಿಡಿ.

ಕಲಿಸುವ ವಿಷಯ ಕೇಳಿದ್ದೀರಿ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದವರು ಬೆಳೆದವರನ್ನೂ ತಿನ್ನುವವರನ್ನೂ ಎದುರುಬದುರು ತಂದು ಕೂರಿಸಿದವರು. ಅವರ ಗೆಡ್ಡೆಗೆಣಸು ಮೇಳಕ್ಕೆ ಒಮ್ಮೆ ಹೋಗಿ. ನಿಮ್ಮ ಕಡೆ ಕಾಣದ ಮುಂಡಿ, ಕೂವೆ, ಬಗೆಬಗೆಯ ಕೆಸು ಎಲ್ಲವನ್ನೂ ನೋಡಬಹುದು, ಅದನ್ನು ಹೇಗೆ ಬೇಯಿಸಬೇಕೆಂದು ಬೆಳೆದವರನ್ನೇ ಕೇಳಬಹುದು. ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್‌ನವರು, ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳಲ್ಲಿ ಊರವರನ್ನೂ ವಿದ್ಯಾರ್ಥಿಗಳನ್ನೂ ಇಳಿಸಿ ನಾಟಿ ಮಾಡಿಸಿದರು. ಬೆಳೆದ ಅಕ್ಕಿ ‘ಉಡುಪಿ ಕೇದಾರ ಕಜೆ’ ಎಂದು ಮಾರಾಟಕ್ಕೆ ಬಂತು. ರಾಜಕಾರಣಿಗಳು ಕೆಸರಿಗಿಳಿದದ್ದು ಕ್ಯಾಮೆರಾಕ್ಕೆ ಎಂದು ಕೆಲವರು ನಕ್ಕರು. ನಾನು ಒಂದು ಕಿಲೋ ತಂದು ಬೇಯಿಸಿ ನೋಡಿದೆ, ಕ್ಯಾಮೆರಾದ ರುಚಿ ಏನೂ ಇರಲಿಲ್ಲ.

ನಾವು ಕಲಿಸುವುದು ಆಟಿಯಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು ಅದು. ಹಿಂದೆ ಕಣಜ ಖಾಲಿ, ಹೊರಗೆ ಬಿಡದ ಮಳೆ, ಕೆಲಸವಿಲ್ಲ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಬೇಲಿ ಬದಿಯ ತಜಂಕ್ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ ಆಗ ಮನೆಮಂದಿಯನ್ನು ಉಳಿಸಿದವು. ಈಗ ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ, ಮಾಡಿ ಮೂವತ್ತು ಬಗೆ ಬಡಿಸುತ್ತಾರೆ. ಹಸಿವಿನ ತಿಂಗಳ ನೆನಪಿಗೆ ಮೂವತ್ತು ಬಗೆಯೇ ಎಂದು ನಮ್ಮ ಗುಂಪಿನ ಅಕ್ಕ ಪ್ರತಿ ವರ್ಷ ಗೊಣಗುತ್ತಾರೆ, ಗೊಣಗಿಕೊಂಡೇ ಎರಡನೇ ಸಲ ಪತ್ರೊಡೆ ಹಾಕಿಸಿಕೊಳ್ಳುತ್ತಾರೆ.

ಆ ಅಕ್ಕನ ನಿಜವಾದ ಪಾಠ ಆಟಿ ಅಮಾವಾಸ್ಯೆಯ ಹಿಂದಿನ ಭಾನುವಾರ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಳೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುವುದು ಇಲ್ಲಿನ ರೂಢಿ. ತುಳುವಿನಲ್ಲಿ ಆ ಮರ ಪಾಲೆ. ಕತ್ತಲೆಯಲ್ಲಿ ಅದನ್ನು ಬಿಟ್ಟು ಕಾಸರಕದ ತೊಗಟೆ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಅಕ್ಕ ಎರಡೂ ಮರಗಳ ಒಂದೊಂದು ಕೊಂಬೆ ತಂದು ಮೇಜಿನ ಮೇಲೆ ಇಡುತ್ತಾರೆ. ಹಾಳೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ಐದಾರು, ಏಳು ಸೇರಿಕೊಂಡಿರುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿ ಜೋಡಿ, ಎಲೆಯ ಬುಡದಿಂದ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಹಾಲಿಲ್ಲ. ಬಂದ ಹುಡುಗರ ಕೈಗೆ ಉಗುರಿನಿಂದ ಗೀರಲು ಕೊಟ್ಟು, ಅಂಟಿದ ಹಾಲನ್ನು ತೋರಿಸುವವರೆಗೆ ಬಿಡುವುದಿಲ್ಲ. ಮರವನ್ನು ಹಗಲಿನಲ್ಲೇ ಗುರುತು ಮಾಡಿ ದಾರ ಕಟ್ಟಿ ಬನ್ನಿ, ಅನುಮಾನವಿದ್ದರೆ ಕುಡಿಯಲೇ ಬೇಡಿ, ಮೆಂತೆ ಗಂಜಿ ಉಂಡರೆ ಸಾಕು ಎನ್ನುತ್ತಾರೆ.

ಈಗ ನಿಮ್ಮ ಪ್ರಶ್ನೆಯ ಕೊನೆಯ ಭಾಗ, ಹೊರಗಿನವರಿಂದ ಏನು ಉಪಯೋಗ ಎಂಬುದು. ಹೆಚ್ಚುವುದು, ತೊಳೆಯುವುದು, ಲೆಕ್ಕ ಬರೆಯುವುದು ಎಲ್ಲರೂ ಮಾಡಬಹುದಾದ ಕೆಲಸ. ಮೆಟ್ಟುಕತ್ತಿಯಲ್ಲಿ, ಅಂದರೆ ನಿಮ್ಮ ಈಳಿಗೆಯಲ್ಲಿ, ಕುಳಿತು ಸೌತೆ ಹೆಚ್ಚಲು ಒಂದು ತಾಸು ಸೊಂಟ ಸಹಕರಿಸಬೇಕು, ಅಷ್ಟೆ. ಆದರೆ ಇನ್ನೊಂದು ವಿಷಯವಿದೆ.

ನಮ್ಮವರಿಗೆ ಕುಚ್ಚಲಕ್ಕಿ ಇಲ್ಲದಿದ್ದರೆ ಊಟ ಮಾಡಿದಂತಾಗುವುದಿಲ್ಲ. ಪಡಿತರದಲ್ಲಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಬೇಡ, ಕುಚ್ಚಲಕ್ಕಿಯನ್ನೇ ಕೊಡಿ ಎಂದು ಎರಡೂ ಜಿಲ್ಲೆಗಳ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಾನೂ ಆ ಪಕ್ಷದವಳೇ, ಅದೇ ಹೆಮ್ಮೆಯಲ್ಲಿ ಕುಚ್ಚಲಕ್ಕಿಯನ್ನೇ ಒಯ್ಯುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ತಂದರು. ಬಾಗಲಕೋಟೆ ಕಡೆಯವರು, ಮಗ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಕಾಲು ಮುರಿದುಕೊಂಡಿದ್ದ. ‘ತಂಗಿ, ಅನ್ನ ಬೆಂದೇ ಇಲ್ಲವಲ್ಲ’ ಎಂದರು. ಬೆಂದಿದೆ ಅಜ್ಜ, ನಮ್ಮ ಅಕ್ಕಿಯೇ ಹೀಗೆ ದಪ್ಪ ಎಂದೆ. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬೇಸರ ಮಾಡಬಾರದೆಂದು ನಾಲ್ಕು ತುತ್ತು ತಿಂದರು. ನಮ್ಮ ಕಟ್ಟಡಗಳನ್ನು ಕಟ್ಟುವವರು, ಬಂದರಿನಲ್ಲಿ ಹೊರೆ ಹೊರುವವರು ಬಹಳ ಮಂದಿ ನಿಮ್ಮ ಕಡೆಯವರು. ಅವರ ಮನೆಯವರು ಆಸ್ಪತ್ರೆಯ ವರಾಂಡದಲ್ಲಿ ಕುಳಿತಿರುವಾಗ ನಾವು ಅವರಿಗೆ ಗಂಜಿ ಕೊಟ್ಟು ಪುಣ್ಯ ಬಂತು ಎಂದುಕೊಳ್ಳುತ್ತಿದ್ದೆವು.

ಮರುವಾರ ಜೋಳದ ಹಿಟ್ಟು ತರಿಸಿದೆವು. ಭಟ್ಟರು ನೀರುದೋಸೆಯನ್ನು ಕಾಗದದಷ್ಟು ತೆಳ್ಳಗೆ ಎರೆಯುವವರು, ಅವರ ಕೈಯಲ್ಲಿ ರೊಟ್ಟಿ ಮೂರು ತುಂಡಾಯಿತು. ಎರಡನೆಯದು ಐದು ತುಂಡಾಯಿತು. ಬಿಸಿ ನೀರಿನಲ್ಲಿ ನಾದಬೇಕು ಎಂದು ಮೊಬೈಲ್ ನೋಡಿ ಹೇಳಿದ ನನ್ನನ್ನು ಅವರು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ. ಅಂದಿನಿಂದ ಬೆಳ್ತಿಗೆ ಅನ್ನ, ತೊಗರಿಬೇಳೆ ಸಾರು ಬೇರೆಯಾಗಿ ಒಯ್ಯುತ್ತಿದ್ದೇವೆ. ಹಿಟ್ಟಿನ ಚೀಲ ಕಪಾಟಿನಲ್ಲೇ ಹುಳು ಹಿಡಿಯಿತು.

ಆದ್ದರಿಂದ ಪ್ರಶ್ನೆ ಈಗ ನನ್ನದು: ನಿಮಗೆ ರೊಟ್ಟಿ ತಟ್ಟಲು ಬರುತ್ತದೆಯೇ? ಬರುವುದಾದರೆ ಇಲ್ಲೇ ಒಂದು ಸಂದೇಶ ಕಳಿಸಿ. ಮಂಗಳವಾರ ನಾಲ್ಕು ಗಂಟೆಗೆ ಒಲೆ ಹಚ್ಚುತ್ತೇವೆ. ಹೊಸ ಹಿಟ್ಟು ತರಿಸಿಡುತ್ತೇನೆ. ಕೋಣೆಯಲ್ಲಿರುವುದು ದೋಸೆಯ ಕಾವಲಿ, ರೊಟ್ಟಿಗೆ ಅದು ಆಗುತ್ತದೆಯೋ ಬೇರೆ ಹಂಚು ಬೇಕೋ ನೀವೇ ಬಂದು ನೋಡಿ ಹೇಳಬೇಕು.