ಬೇಸ್‌ಬಾಲ್ ಸೀಸನ್ ಬಂತು, ನಿಮ್ಮ ಪ್ರಶ್ನೆಗಳೂ ಬಂದವು

ಈ ತಿಂಗಳು ಬಂದ ಪತ್ರಗಳಲ್ಲಿ ಐಪಿಎಲ್ ಬಿಟ್ಟರೆ ಜಾಸ್ತಿ ಇರುವುದು ಅಮೆರಿಕದ ಬೇಸ್‌ಬಾಲ್ ಬಗ್ಗೆ. ಆಶ್ಚರ್ಯವೇನಿಲ್ಲ ಬಿಡಿ. ನಮ್ಮ ಮೂರು ಜಿಲ್ಲೆಗಳಲ್ಲಿ ಓಣಿಗೊಂದು ಮನೆಯ ಮಗನೋ ಅಳಿಯನೋ ಅಲ್ಲಿದ್ದಾನೆ, ವಿಡಿಯೋ ಕಾಲ್ ಮಾಡಿದಾಗ ಹಿಂದೆ ಟಿವಿಯಲ್ಲಿ ಅದೇ ಓಡುತ್ತಿರುತ್ತದೆ. ಮಾರ್ಚ್ 25ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾಂಕೀಸ್ ಮತ್ತು ಜೈಂಟ್ಸ್ ನಡುವಿನ ಪಂದ್ಯದಿಂದ 2026ರ ಸೀಸನ್ ಶುರು. ನಮಗದು 26ರ ಬೆಳಗಿನ ಜಾವ.

ಪ್ರಶ್ನೆ: ನಮ್ಮಣ್ಣ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ಅಕ್ಟೋಬರ್‌ನಲ್ಲಿ ಅವನ ಜೊತೆ ಮ್ಯಾರಿನರ್ಸ್ ಪಂದ್ಯ ನೋಡಿ ನನಗೂ ಹುಚ್ಚು ಹಿಡಿದಿದೆ. ಈ ಸಲ ಸೀಸನ್ ಪೂರ್ತಿ ನೋಡಬೇಕು ಸರ್. ನಿದ್ದೆಗೆಟ್ಟು ಕೂರಬೇಕಾ?
- ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಕಿಲ್ಲ ತಮ್ಮಾ. ನಿನ್ನ ಅದೃಷ್ಟ, ಟೀಮ್ ಪಶ್ಚಿಮ ಕರಾವಳಿಯದು. ಸಿಯಾಟಲ್‌ನಲ್ಲಿ ಸಂಜೆ 7 ಗಂಟೆ ಅಂದರೆ ನಮಗೆ ಮರುದಿನ ಬೆಳಗ್ಗೆ 7.30. ಸೂಸಲ ತಿಂದು ಚಹಾ ಹಿಡಿದು ಕೂತರೆ ಹತ್ತು, ಹತ್ತೂಕಾಲಕ್ಕೆ ಪಂದ್ಯ ಮುಗಿದಿರುತ್ತದೆ. 2023ರಿಂದ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಗಡಿಯಾರ ಇಟ್ಟಿದ್ದಾರೆ, ಬೇಸ್ (ರನ್‌ಗಾಗಿ ಓಡಿ ಮುಟ್ಟಬೇಕಾದ ಗುರುತು) ಮೇಲೆ ಯಾರೂ ಇಲ್ಲದಿದ್ದರೆ 15 ಸೆಕೆಂಡ್‌ನಲ್ಲಿ ಚೆಂಡು ಎಸೆಯಲೇಬೇಕು. ಮೊದಲು ಮೂರು ಗಂಟೆ ದಾಟುತ್ತಿದ್ದ ಪಂದ್ಯ ಈಗ ಸರಾಸರಿ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸು. ಕಷ್ಟ ಇರುವುದು ನ್ಯೂಯಾರ್ಕ್, ಬಾಸ್ಟನ್ ಕಡೆ ಹೋಗಿ ಆಡುವಾಗ. ಅಲ್ಲಿನ ಸಂಜೆ 7 ನಮಗೆ ಬೆಳಗಿನ ಜಾವ 4.30. ಅದನ್ನು ಬಿಟ್ಟುಬಿಡು, ಎದ್ದ ಮೇಲೆ ಯೂಟ್ಯೂಬ್‌ನಲ್ಲಿ ಹೈಲೈಟ್ಸ್ ಇರುತ್ತದೆ. ಭಾನುವಾರ ಅವರು ಮಧ್ಯಾಹ್ನ ಆಡುತ್ತಾರೆ. ಪೂರ್ವದ ಊರುಗಳಲ್ಲಿ ಒಂದೂವರೆಗೆ ಶುರುವಾದರೆ ನಮಗೆ ರಾತ್ರಿ 11, ಊಟ ಮುಗಿಸಿ ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡೇ ನೋಡಬಹುದು.

ಆದರೆ ನೀನು ಹಿಡಿದಿರುವ ಟೀಮ್ ಎಂಥದ್ದು ಅಂತ ಗೊತ್ತಿರಲಿ. 1977ರಿಂದ ಆಡುತ್ತಿದೆ, ಒಂದು ಸಲವೂ ವರ್ಲ್ಡ್ ಸೀರೀಸ್ ಮುಟ್ಟಿಲ್ಲ. ಕಪ್ ಗೆದ್ದಿಲ್ಲ ಅಂತಲ್ಲ, ಫೈನಲ್ಲೇ ಆಡಿಲ್ಲ. ಮೂವತ್ತು ಟೀಮ್‌ಗಳಲ್ಲಿ ಹಾಗಿರುವುದು ಅದೊಂದೇ. ಹೋದ ವರ್ಷ ಕ್ಯಾಲ್ ರ‍್ಯಾಲಿ ಅನ್ನುವ ಕ್ಯಾಚರ್ 60 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ. ದಿನಾ ಮಂಡಿಯೂರಿ ಕೂತು ಚೆಂಡು ಹಿಡಿಯುವವನು ಅಷ್ಟು ಹೊಡೆಯುವುದು ಹಿಂದೆ ಯಾವತ್ತೂ ಆಗಿರಲಿಲ್ಲ. ಟೊರಾಂಟೊ ವಿರುದ್ಧದ ಸೆಮಿಫೈನಲ್ ಸರಣಿಯಲ್ಲಿ ಮೊದಲ ಎರಡೂ ಪಂದ್ಯ ಇವರದೇ. ಏಳನೇ ಪಂದ್ಯದ ಏಳನೇ ಇನಿಂಗ್ಸ್‌ವರೆಗೆ 3-1 ಮುಂದಿದ್ದರು. ಇನ್ನು ಎಂಟು ಔಟ್ ಮಾಡಿದ್ದರೆ ಸಾಕಿತ್ತು. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಒಂದೇ ಏಟಿಗೆ ಮೂರು ರನ್ ಬಾರಿಸಿದ, 4-3ಕ್ಕೆ ಎಲ್ಲ ಮುಗಿಯಿತು. ಅದನ್ನು ನೋಡಿಯೂ ಹುಚ್ಚು ಬಿಟ್ಟಿಲ್ಲ ಅಂದರೆ ನೀನು ಅಪ್ಪಟ ಫ್ಯಾನೇ. ಇಂಟರ್ನಲ್ಸ್ ಇದ್ದ ದಿನ ಮಾತ್ರ ಸ್ಕೋರ್ ನೋಡಿ ಸುಮ್ನೆ ಕಾಲೇಜಿಗೆ ಹೋಗು.

ಪ್ರಶ್ನೆ: ಈಗ ಅರಿಜೋನಾದಲ್ಲಿ ನಡೆಯುತ್ತಿರುವ ಪಂದ್ಯಗಳಲ್ಲಿ ನನ್ನ ಟೀಮ್ ಬರೀ ಸೋಲುತ್ತಿದೆ. ಈ ವರ್ಷವೂ ಗಂಡಾಂತರವಾ?
- ಪದವಿ ವಿದ್ಯಾರ್ಥಿನಿ, ಬೀದರ್

ಉತ್ತರ: ಇಲ್ಲಮ್ಮ, ಅದು ಬರೀ ತಾಲೀಮು. ಫೆಬ್ರುವರಿ ಮಧ್ಯದಿಂದ ಹದಿನೈದು ಟೀಮ್ ಅರಿಜೋನಾಕ್ಕೆ, ಹದಿನೈದು ಫ್ಲಾರಿಡಾಕ್ಕೆ ಹೋಗಿ ಮೈ ಬಿಸಿ ಮಾಡಿಕೊಳ್ಳುತ್ತವೆ. ದೊಡ್ಡ ಆಟಗಾರರು ಎರಡು ಮೂರು ಇನಿಂಗ್ಸ್ ಆಡಿ ಒಳಗೆ ಹೋಗುತ್ತಾರೆ, ಆಮೇಲೆ 80, 90 ಅಂತ ನಂಬರ್ ಹಾಕಿಕೊಂಡ ಹುಡುಗರು ಬಂದು ಆಡುತ್ತಾರೆ. ಗೆದ್ದರೂ ಲೆಕ್ಕಕ್ಕಿಲ್ಲ, ಸೋತರೂ ಲೆಕ್ಕಕ್ಕಿಲ್ಲ. ಆ ಹುಡುಗರ ಹೆಸರು ಮಾತ್ರ ಬರೆದಿಟ್ಟುಕೊಳ್ಳಿ, ಜುಲೈ ಹೊತ್ತಿಗೆ ಅವರಲ್ಲೊಬ್ಬ ದೊಡ್ಡ ಟೀಮ್‌ನಲ್ಲಿರುತ್ತಾನೆ.

ಪ್ರಶ್ನೆ: ನಾನು ಆರ್‌ಸಿಬಿ ಮನುಷ್ಯ. ಅಳಿಯಂದಿರು ಬೇಸ್‌ಬಾಲ್ ನೋಡಿ ಮಾವಾ ಅನ್ನುತ್ತಾರೆ. ಆದರೆ ಒಂದು ಟೀಮ್ 162 ಪಂದ್ಯ ಆಡುತ್ತದಂತೆ! ದಿನಾ ಆಟ ಇದ್ದರೆ ಅದರಲ್ಲೇನು ರುಚಿ? ಅಷ್ಟೊಂದು ಯಾಕೆ ಬೇಕು?
- ಕಿರಾಣಿ ಅಂಗಡಿ ಮಾಲೀಕರು, ಯಾದಗಿರಿ

ಉತ್ತರ: ಸಾಹುಕಾರ್ರೇ, ಐಪಿಎಲ್ ನಮ್ಮ ಶರಣಬಸವೇಶ್ವರ ಜಾತ್ರೆ ಇದ್ದಂತೆ, ಬೇಸ್‌ಬಾಲ್ ದಿನಾ ಬಡಿಯುವ ಜೋಳದ ರೊಟ್ಟಿ. ಜಾತ್ರೆಯ ಲೆಕ್ಕ ಹಿಡಿದುಕೊಂಡು ಇದನ್ನು ನೋಡಿದರೆ ಏಪ್ರಿಲ್ ಮುಗಿಯುವುದರೊಳಗೆ ಬೇಜಾರಾಗುತ್ತದೆ.

ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ಟೀಮ್‌ಗೆ 14 ಪಂದ್ಯ. ಸತತ ಮೂರು ಸೋತರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಕ್ಯಾಲ್ಕುಲೇಟರ್ ಹೊರಗೆ ಬರುತ್ತದೆ. ಇಲ್ಲಿ ಹೋದ ವರ್ಷ ಕಪ್ ಗೆದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ಎಷ್ಟು ಸೋತಿತ್ತು ಹೇಳಿ? 162ರಲ್ಲಿ 69. ಅತಿ ಹೆಚ್ಚು ಗೆದ್ದ ಮಿಲ್ವಾಕಿ ಬ್ರೂವರ್ಸ್ ಕೂಡ 65 ಸೋತಿತ್ತು. ಉಲ್ಟಾ ಕಡೆ ನೋಡಿ, 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಸೋತು ಆಧುನಿಕ ಕಾಲದ ದಾಖಲೆ ಮಾಡಿತು, ಅಂಥ ಟೀಮೂ 41 ಗೆದ್ದಿತ್ತು. ಅಂದರೆ ಈ ಆಟದಲ್ಲಿ ಒಂದು ದಿನದ ಫಲಿತಾಂಶ ಏನನ್ನೂ ಹೇಳುವುದಿಲ್ಲ. ಚೆಂಡು ಬ್ಯಾಟ್‌ಗೆ ಒಂದೆಳೆ ಮೇಲೆ ತಗುಲಿತೋ ಕೆಳಗೆ ತಗುಲಿತೋ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಯಾರು ನಿಜಕ್ಕೂ ಗಟ್ಟಿ ಅಂತ ತಿಳಿಯಬೇಕಾದರೆ ಆರು ತಿಂಗಳು ಆಡಿಸಲೇಬೇಕು.

ಮತ್ತೊಂದು, ದಿನಾ ಪಂದ್ಯ ಅಂದರೂ ದಿನಾ ಒಂದೇ ಪಂದ್ಯ ಅಲ್ಲ. ಶುರುವಿಗೆ ಎಸೆಯುವ ಪಿಚರ್‌ಗಳು ಐದೋ ಆರೋ ಜನ ಇರುತ್ತಾರೆ, ಸರದಿ ಪ್ರಕಾರ ಬರುತ್ತಾರೆ. ಇವತ್ತು ಎಸೆದವನು ಮತ್ತೆ ಬರುವುದು ಐದಾರು ದಿನ ಆದ ಮೇಲೆ. ನೆಚ್ಚಿನ ಪಿಚರ್ ಯಾವತ್ತು ಅಂತ ನೋಡಿಕೊಂಡು ಆ ದಿನ ಮಾತ್ರ ಅಂಗಡಿ ಮಗನಿಗೆ ಒಪ್ಪಿಸಿ ಕೂತರಾಯಿತು, ಉಳಿದ ದಿನ ಗಿರಾಕಿ ನೋಡಿಕೊಳ್ಳುತ್ತಲೇ ಮೊಬೈಲ್‌ನಲ್ಲಿ ಸ್ಕೋರ್ ನೋಡಿ. ಅಮೆರಿಕದವರೂ ಬಹಳಷ್ಟು ಜನ ಹಾಗೆಯೇ, ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ರೇಡಿಯೋದಲ್ಲಿ ಕೇಳುತ್ತಾರೆ.

ಕಾಯುವುದು ನಿಮಗೆ ಹೇಳಿಕೊಡಬೇಕಾ? ಹದಿನೆಂಟನೇ ಸೀಸನ್‌ಗೆ, 2025ರ ಜೂನ್ 3ಕ್ಕೆ, ಕಪ್ ನೋಡಿದವರು ನೀವು. ಬಾಸ್ಟನ್ ರೆಡ್ ಸಾಕ್ಸ್ ಫ್ಯಾನ್‌ಗಳು 86 ವರ್ಷ ಕಾದು 2004ರಲ್ಲಿ ಗೆದ್ದರು. ಶಿಕಾಗೊ ಕಬ್ಸ್‌ನವರು 1908ರ ಮೇಲೆ ಮತ್ತೆ ಗೆದ್ದಿದ್ದು 2016ಕ್ಕೆ. ನೂರಾ ಎಂಟು ವರ್ಷ. ಅಜ್ಜ ಮುತ್ತಜ್ಜ ಎಲ್ಲ ‘ಈ ಸಲ ಕಪ್ ನಮ್ದೇ’ ಅಂದುಕೊಂಡೇ ಹೋದರು. ಅದಕ್ಕೇ ಮಾರ್ಚ್ ಕೊನೆ ವಾರ ಅಲ್ಲಿ ಹಬ್ಬ. ಆ ಒಂದು ವಾರ ಮೂವತ್ತೂ ಟೀಮ್‌ಗಳ ಊರುಗಳಲ್ಲಿ ಎಲ್ಲರಿಗೂ ತಮ್ಮ ಟೀಮೇ ಮೇಲು ಅನಿಸುತ್ತಿರುತ್ತದೆ.

ಪ್ರಶ್ನೆ: ಈ ಸಲ ಅಂಪೈರ್ ಬದಲು ರೋಬೊ ಬರುತ್ತದಂತೆ, ನಿಜವಾ?
- ಶಾಲಾ ಶಿಕ್ಷಕರು, ಸೇಡಂ

ಉತ್ತರ: ಅರ್ಧ ನಿಜ ಮೇಷ್ಟ್ರೇ. ಅಂಪೈರ್ ಅಲ್ಲೇ ಇರುತ್ತಾರೆ, ಎಸೆತ ಸ್ಟ್ರೈಕೋ (ಗೆರೆಯೊಳಗೆ ಬಂದದ್ದು) ಬಾಲೋ (ಹೊರಗೆ ಹೋದದ್ದು) ಅಂತ ಮೊದಲು ಹೇಳುವುದೂ ಅವರೇ. ಒಪ್ಪದಿದ್ದರೆ ಆಟಗಾರ ಕ್ಯಾಮೆರಾಗೆ ಮೊರೆ ಹೋಗಬಹುದು, ನಮ್ಮ ಡಿಆರ್‌ಎಸ್ ಥರವೇ. ಕ್ಯಾಮೆರಾಗಳು ಕೂಡ ಕ್ರಿಕೆಟ್‌ನವರಿಗೆ ಗೊತ್ತಿರುವ ಹಾಕ್-ಐ. ಒಂದು ಟೀಮ್‌ಗೆ ಎರಡು ಅವಕಾಶ, ಸರಿಯಾಗಿ ಕೇಳಿದರೆ ಕೈಯಲ್ಲೇ ಉಳಿಯುತ್ತದೆ, ತಪ್ಪಿದರೆ ಹೋಗುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಿಗೆ ಮಾತ್ರ. ಟೋಪಿಯನ್ನೋ ಹೆಲ್ಮೆಟನ್ನೋ ಕೂಡಲೇ ತಟ್ಟಬೇಕು. ಕೋಚ್ ಮುಖ ನೋಡಿ ಸನ್ನೆ ಕೇಳುವಂತಿಲ್ಲ.

ಇದರಲ್ಲಿ ನನಗೆ ಇಷ್ಟವಾದದ್ದು ಅಳತೆ. ಸ್ಟ್ರೈಕ್ ಅನ್ನಲು ಚೆಂಡು ಹಾದುಹೋಗಬೇಕಾದ ಚೌಕಟ್ಟಿನ ಅಗಲ ಬ್ಯಾಟರ್ ಮುಂದೆ ನೆಲದಲ್ಲಿರುವ ಪ್ಲೇಟ್‌ನಷ್ಟು, 17 ಇಂಚು, ಅದು ಎಲ್ಲರಿಗೂ ಒಂದೇ. ಎತ್ತರ ಮಾತ್ರ ಬ್ಯಾಟರ್ ಮೈಕಟ್ಟಿನ ಪ್ರಕಾರ: ಅವನ ಎತ್ತರದ ಶೇ 53.5 ಮೇಲಿನ ಗೆರೆ, ಶೇ 27 ಕೆಳಗಿನ ಗೆರೆ. ಆರಡಿ ಮನುಷ್ಯನಿಗೆ ನೆಲದಿಂದ ಸುಮಾರು 49 ಸೆಂಟಿಮೀಟರ್‌ನಿಂದ 98 ಸೆಂಟಿಮೀಟರ್‌ವರೆಗೆ. ಹೊಡೆತ ಬೀಳುವುದು ಕ್ಯಾಚರ್‌ಗಳಿಗೆ. ಹೊರಗೆ ಬಂದ ಚೆಂಡನ್ನು ಹಿಡಿಯುವಾಗಲೇ ಗ್ಲೌಸ್ ಒಳಗೆಳೆದು ಅಂಪೈರ್ ಕಣ್ಣಿಗೆ ಸ್ಟ್ರೈಕ್ ಅನಿಸುವಂತೆ ಮಾಡುವುದು ಅವರ ಹಳೇ ಕೈಚಳಕ, ಅದರ ಬೆಲೆ ಸ್ವಲ್ಪ ಇಳಿಯುತ್ತದೆ. ಪೂರ್ತಿ ಯಂತ್ರಕ್ಕೆ ಕೊಡದೆ ಹೀಗೆ ಅರ್ಧಕ್ಕೆ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಎರಡು ಅವಕಾಶವನ್ನು ಮೊದಲ ಇನಿಂಗ್ಸ್‌ನಲ್ಲೇ ಸಿಟ್ಟಿಗೆ ಕಳೆದುಕೊಳ್ಳುವವರನ್ನು ನೋಡುವುದೇ ಒಂದು ಮಜಾ ಅಲ್ವಾ?

ಪ್ರಶ್ನೆ: ಔಟಾದ ಬ್ಯಾಟರ್ ಮತ್ತೆ ಬರುತ್ತಾನಾ?
- ಏಳನೇ ತರಗತಿ, ಶಹಾಪುರ

ಉತ್ತರ: ಬರುತ್ತಾನೆ ಪುಟ್ಟಾ. ಒಂಬತ್ತು ಜನರ ಸರದಿ ಸುತ್ತುತ್ತಲೇ ಇರುತ್ತದೆ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದರೆ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ, ಅವನು ಸ್ಟಾರ್. ಇಡೀ ಸೀಸನ್ ನಾಲ್ಕಕ್ಕಿಂತ ಜಾಸ್ತಿ ಲೆಕ್ಕದಲ್ಲಿ ಹೊಡೆದವನು ಅಮೆರಿಕನ್, ನ್ಯಾಷನಲ್ ಎರಡು ಲೀಗ್‌ಗಳಲ್ಲಿ 1941ರ ಟೆಡ್ ವಿಲಿಯಮ್ಸ್ ಆದ ಮೇಲೆ ಇನ್ನೂ ಬಂದಿಲ್ಲ.

ಪ್ರಶ್ನೆ: ಹೊಸದಾಗಿ ನೋಡಲು ಶುರು ಮಾಡುತ್ತಿದ್ದೇವೆ, ಗೆಳೆಯರೆಲ್ಲ ಡಾಡ್ಜರ್ಸ್ ಅನ್ನುತ್ತಿದ್ದಾರೆ. ಅದನ್ನೇ ಹಿಡಿಯೋಣವಾ?
- ಗೆಳೆಯರ ಬಳಗ, ಹುಮನಾಬಾದ್

ಉತ್ತರ: ಒಹ್ತಾನಿಗಾಗಿ ಅಂದರೆ ಹಿಡಿಯಿರಿ, ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಹೋದ ಅಕ್ಟೋಬರ್‌ನಲ್ಲಿ ಮಿಲ್ವಾಕಿ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಇನಿಂಗ್ಸ್ ಎಸೆದು ಹತ್ತು ಜನರನ್ನು ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಹಾಕಿ ಔಟ್) ಮಾಡಿದ, ಬ್ಯಾಟ್ ಹಿಡಿದು ಮೂರು ಹೋಮ್ ರನ್ ಹೊಡೆದ. ಫೈನಲ್‌ನಲ್ಲಿ ಅದೇ ಟೀಮ್‌ನ ಪಿಚರ್ ಯಮಮೊಟೊ ಆರನೇ ಪಂದ್ಯ ಗೆಲ್ಲಿಸಿ, ಒಂದು ದಿನವೂ ಸುಧಾರಿಸಿಕೊಳ್ಳದೆ ಮರುದಿನ ಏಳನೇ ಪಂದ್ಯಕ್ಕೂ ಬಂದು ಎಸೆದ. ಹನ್ನೊಂದನೇ ಇನಿಂಗ್ಸ್‌ಗೆ ಹೋಗಿ ಟೊರಾಂಟೊ ಸೋತಿತು.

ಆದರೆ 2024, 2025 ಎರಡೂ ಸಲ ಗೆದ್ದ ಟೀಮ್ ಅದು. ಸತತ ಮೂರು ಗೆದ್ದವರು ಕೊನೆಗೆ 1998ರಿಂದ 2000ರವರೆಗಿನ ಯಾಂಕೀಸ್. ಅದು ಮತ್ತೆ ಆಗುತ್ತದಾ ಅನ್ನುವುದೇ ಈ ಸೀಸನ್‌ನ ದೊಡ್ಡ ಪ್ರಶ್ನೆ, ಗೆದ್ದರೆ ‘ದುಡ್ಡಿದೆ ಗೆದ್ದರು’ ಅನ್ನುತ್ತಾರೆ, ಸೋತರೆ ಊರೆಲ್ಲ ನಗುತ್ತದೆ. ನನ್ನ ಮಾತು ಕೇಳುವುದಾದರೆ ಬಳಗದಲ್ಲಿ ಒಬ್ಬೊಬ್ಬರು ಒಂದೊಂದು ಟೀಮ್ ಹಿಡಿಯಿರಿ, ಚೀಟಿ ಎತ್ತಿದರೂ ಸರಿ. ಎಲ್ಲರೂ ಒಂದೇ ಕಡೆ ಇದ್ದರೆ ಸಂಜೆ ಮಿರ್ಚಿ ಭಜ್ಜಿ ತಿನ್ನುವಾಗ ಜಗಳ ಆಡಲು ಯಾರಿರುತ್ತಾರೆ?

ಪ್ರಶ್ನೆ: ಮಗ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಾನೆ, ಹನ್ನೆರಡು ವರ್ಷ. ಟಿವಿಯಲ್ಲಿ ಬೇಸ್‌ಬಾಲ್ ನೋಡಿ ಅಮೆರಿಕಕ್ಕೆ ಹೋಗಿ ಪಿಚರ್ ಆಗುತ್ತೇನೆ ಅನ್ನುತ್ತಿದ್ದಾನೆ. ದಿನಾ ಕಂಪೌಂಡ್ ಗೋಡೆಗೆ ಚೆಂಡು ಎಸೆಯುತ್ತಾನೆ. ಬಿಡಬಹುದಾ?
- ಒಬ್ಬ ತಾಯಿ, ಬೀದರ್

ಉತ್ತರ: ಆಡಲು ಬಿಡಿ ಅಕ್ಕಾರ, ಎಣಿಸಿ ಎಸೆಯಲು ಹೇಳಿ. ಅಮೆರಿಕದಲ್ಲೇ 11-12 ವರ್ಷದ ಮಕ್ಕಳು ಪಂದ್ಯದಲ್ಲಿ ಒಂದು ದಿನಕ್ಕೆ 85ಕ್ಕಿಂತ ಹೆಚ್ಚು ಚೆಂಡು ಎಸೆಯಬಾರದು ಅಂತ ಮಿತಿ ಹಾಕಿದ್ದಾರೆ. ಜಾಸ್ತಿ ಎಸೆದಷ್ಟೂ ವಿಶ್ರಾಂತಿಯ ದಿನಗಳೂ ಜಾಸ್ತಿ, 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ. ಮೊಣಕೈ ನೋವು ಅಂದರೆ ಎಣ್ಣೆ ತಿಕ್ಕಿ ಮತ್ತೆ ಕಳಿಸಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಅಲ್ಲಿ ದೊಡ್ಡ ದೊಡ್ಡ ಪಿಚರ್‌ಗಳೇ ಮೊಣಕೈ ಆಪರೇಷನ್ ಮಾಡಿಸಿಕೊಂಡು ವರ್ಷಕ್ಕೂ ಮೇಲೆ ಹೊರಗೆ ಕೂರುತ್ತಾರೆ. ಒಹ್ತಾನಿಗೂ ಆಗಿದೆ.

ಅಮೆರಿಕದ ಆಸೆ ಬಗ್ಗೆ ಹೇಳುವುದಾದರೆ, ದಾರಿ ಇದೆ ಆದರೆ ತುಂಬ ಸಣ್ಣದು. 2008ರಲ್ಲಿ ಭಾರತದಲ್ಲಿ ಒಂದು ಎಸೆತದ ಸ್ಪರ್ಧೆ ನಡೆಯಿತು. ಉತ್ತರ ಪ್ರದೇಶದ ಹಳ್ಳಿಗಳಿಂದ ಬಂದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುವವರು, ಬೇಸ್‌ಬಾಲ್ ಆಡಿದವರೇ ಅಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಕೆಳಗಿನ ಲೀಗ್‌ಗಳಲ್ಲಿ ಆಡಿದರು, ಮೇಲಿನ ಮಟ್ಟ ಮುಟ್ಟಲಿಲ್ಲ. ರಿಂಕು ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ನಿಮ್ಮ ಮಗನಿಗೆ ಹತ್ತಿರದ ಗುರಿ ಶಾಲಾ ಕ್ರೀಡಾಕೂಟ, ಆಮೇಲೆ ವಿಶ್ವವಿದ್ಯಾಲಯದ ತಂಡ. ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡಕ್ಕೂ ಅಂತರ ವಿಶ್ವವಿದ್ಯಾಲಯ ಕೂಟಗಳಿವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆ ಇವೆರಡೂ ವಾಪಸ್ ಬರುತ್ತಿವೆ, ಆಗ ಶಾಲೆಗಳಲ್ಲೂ ಸ್ವಲ್ಪ ಗಾಳಿ ಬೀಸಬಹುದು.

ಪ್ರಶ್ನೆ: ನೋಡುವುದಷ್ಟೇ ಅಲ್ಲ, ಬೇಸಿಗೆ ರಜೆಯಲ್ಲಿ ಓಣಿ ಹುಡುಗರಿಗೆ ಆಡಿಸಬೇಕು ಅಂತಿದ್ದೇನೆ. ಎಷ್ಟು ಜಾಗ ಬೇಕು?
- ನಿವೃತ್ತ ಪಿಇ ಮೇಷ್ಟ್ರು, ಕಲಬುರಗಿ

ಉತ್ತರ: ದೊಡ್ಡವರ ಅಳತೆ ಬೇಡ ಸರ್, ಅದರಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ. ಮಕ್ಕಳಿಗೆ 60 ಅಡಿ ಸಾಕು, ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ. ನಾಲ್ಕು ಹಳೇ ಗೋಣಿಚೀಲ ಮಡಚಿ ಬೇಸ್ ಮಾಡಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಟೆನಿಸ್ ಬಾಲ್‌ನಲ್ಲಿ ಶುರು ಮಾಡಿ. ಬ್ಯಾಟರ್ ನಿಲ್ಲುವ ಜಾಗವನ್ನು ಮೈದಾನದ ನಡುವೆ ಇಡಬೇಡಿ, ಮೂಲೆಯಲ್ಲಿಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಕಾಲು ಭಾಗದೊಳಗೆ ಬಿದ್ದ ಚೆಂಡು ಮಾತ್ರ, ಹಿಂದಕ್ಕೂ ಪಕ್ಕಕ್ಕೂ ಹೋದದ್ದೆಲ್ಲ ಫೌಲ್. ಹಿಂದೆ ಗೋಡೆ ಇದ್ದರೆ ಚೆಂಡು ಹುಡುಕುವ ಕೆಲಸ ತಪ್ಪುತ್ತದೆ. ಹೊಡೆದ ಕೂಡಲೇ ಬ್ಯಾಟ್ ನೆಲಕ್ಕೆ ಹಾಕಿ ಓಡಬೇಕು ಅನ್ನುವುದನ್ನು ಮೊದಲ ದಿನವೇ ರೂಢಿ ಮಾಡಿಸಿ, ಕ್ರಿಕೆಟ್ ಆಡಿದ ಹುಡುಗರು ಬ್ಯಾಟ್ ಹಿಡಿದುಕೊಂಡೇ ಓಡುತ್ತಾರೆ. ಕ್ಯಾಚರ್ ಆಗಿ ಕೂರುವ ಹುಡುಗನಿಗೆ ಜಾಲರಿ ಇರುವ ಕ್ರಿಕೆಟ್ ಹೆಲ್ಮೆಟ್ ಕಡ್ಡಾಯ. ಏಪ್ರಿಲ್ ಬಿಸಿಲಿಗೆ ಬೆಳಗ್ಗೆ ಆರು ಗಂಟೆಗೇ ಶುರು ಮಾಡಿ ಎಂಟಕ್ಕೆ ಮನೆಗೆ ಕಳಿಸಿಬಿಡಿ.