ಕೂಬರ್ ಪೀಡಿಯಲ್ಲಿ ದಾರಿ ಮುಚ್ಚಿದಾಗ

ನೀನು ಅಣ್ಣ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಹಾಸನದಿಂದ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು ಏಳು ತಿಂಗಳಾಗಿದೆ. ಈಗ ರಾಕ್ಸ್‌ಬಿ ಡೌನ್ಸ್ ಗಣಿಯಲ್ಲಿ ಕೆಲಸಕ್ಕೆ ಹಾಕಿದ್ದಾರೆ. "ನಾನು ಗೇ ಅಂತ ಇಲ್ಲಿಗೆ ಬಂದ ಮೇಲಾದರೂ ಹೇಳಿಕೊಂಡು ಬದುಕೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಮರಳುಗಾಡಿಗೆ ಹೊರಡಬೇಕಾಗಿದೆ. ಅಂಥ ಕಡೆ ನಮ್ಮಂಥವರು ಸಿಗುತ್ತಾರಾ? ಹೇಳಿಕೊಂಡರೆ ಅಪಾಯ ಇಲ್ವಾ?" ಇದು ನಿನ್ನ ಪ್ರಶ್ನೆ.

ಸಿಗುತ್ತಾರೆ. ನನಗೆ ಸಿಕ್ಕಿದ್ದೇ ಅಲ್ಲಿ. ಆದರೆ ಅದಕ್ಕೂ ಮುಂಚೆ ಒಬ್ಬ ಸಿಕ್ಕಿದ್ದ, ಅವನನ್ನು ನಾನೇ ಕಳೆದುಕೊಂಡೆ. ಅದನ್ನು ಮೊದಲು ಹೇಳುತ್ತೇನೆ.

2011ರ ಮಾತು. ನಾನು ಬಂದು ಎರಡು ವರ್ಷ ಆಗಿತ್ತು. ಕೇಪ್ ಜರ್ವಿಸ್‌ನಿಂದ ಕಾಂಗರೂ ದ್ವೀಪಕ್ಕೆ ಫೆರ್ರಿಯಲ್ಲಿ ಹೊರಟಿದ್ದೆ. ಮುಕ್ಕಾಲು ಗಂಟೆಯ ದಾರಿ, ಆದರೆ ಅವತ್ತು ಅಲೆ ಜೋರು. ಹೊಟ್ಟೆ ತೊಳಸಿ ಹೊರಗೆ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದವನು ಶುಂಠಿ ಪೆಪ್ಪರಮಿಂಟು ಕೊಟ್ಟು, "ಅಲೆ ನೋಡಬೇಡ, ದೂರದ ದಡ ನೋಡು" ಅಂದ. ದಡ ಬರುವವರೆಗೂ ಪಕ್ಕದಲ್ಲೇ ನಿಂತು ಮಾತಾಡಿದ. ಇಳಿಯುವಾಗ ಟಿಕೆಟ್ ಹಿಂದೆ ತನ್ನ ನಂಬರ್ ಬರೆದು ಕೊಟ್ಟ. ಅವನು ಕೇಳದಿದ್ದರೂ ನಾನು, "ಮುಂದಿನ ವರ್ಷ ನನ್ನ ಮದುವೆ" ಅಂದುಬಿಟ್ಟೆ. ಭದ್ರಾವತಿಯಲ್ಲಿ ಅಮ್ಮ, ಚಿಕ್ಕಮ್ಮ ಕೇಳಿದಾಗಲೆಲ್ಲ ಹೇಳಿ ಹೇಳಿ ಆ ಸುಳ್ಳು ನಾಲಿಗೆಯ ತುದಿಯಲ್ಲೇ ಕೂತಿತ್ತು. ಅವನ ಮುಖ ಸಣ್ಣದಾಯಿತು. ಒಳ್ಳೆಯದಾಗಲಿ ಅಂದು ಹೋದ. ಆ ಟಿಕೆಟನ್ನು ಎಸೆಯಲೂ ಆಗಲಿಲ್ಲ, ಫೋನ್ ಮಾಡಲೂ ಆಗಲಿಲ್ಲ. ಪ್ಯಾಂಟಿನ ಜೇಬಿನಲ್ಲೇ ಇದ್ದು, ಬಟ್ಟೆ ಜೊತೆ ಒಗೆದು ಹಿಟ್ಟಾಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಇನ್ನು ಕೂಬರ್ ಪೀಡಿ. ಇದು ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 850 ಕಿಲೋಮೀಟರ್. 1915ರಲ್ಲಿ ಓಪಲ್ ಕಲ್ಲು ಸಿಕ್ಕಿದ ಮೇಲೆ ಹುಟ್ಟಿದ ಊರು. ಇರುವುದು ಒಂದೂವರೆ ಸಾವಿರದಷ್ಟು ಜನ. ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಅದಕ್ಕೇ ಅಲ್ಲಿಯವರು ಗುಡ್ಡ ಕೊರೆದು ಒಳಗೆ ಮನೆ ಮಾಡಿಕೊಂಡಿದ್ದಾರೆ, ಡಗ್‌ಔಟ್ ಅನ್ನುತ್ತಾರೆ. ಚರ್ಚು, ಹೋಟೆಲು ಕೂಡ ನೆಲದೊಳಗೆ ಇವೆ. ನನ್ನದು ಆಸ್ಪತ್ರೆಯ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವ ಕೆಲಸ. 2022ರ ಜನವರಿಯಲ್ಲಿ ಎರಡು ದಿನಕ್ಕೆ ಅಂತ ಹೋದವನು ಎರಡು ವಾರ ಉಳಿದೆ. ಆಗುಂಬೆಯಲ್ಲಿ ಒಂದು ದಿನ ಜೋರಾಗಿ ಹೊಯ್ಯುವ ಮಳೆ ಅಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು. ಆ ತಿಂಗಳು ಒಂದೇ ಸಲ ಸುರಿಯಿತು. ಸ್ಟುವರ್ಟ್ ಹೆದ್ದಾರಿ ಮುಳುಗಿತು. ರೈಲು ಹಳಿ ಕೊಚ್ಚಿಹೋಯಿತು. ಅಂಗಡಿಯ ಕಪಾಟು ಖಾಲಿಯಾಗಿ, ಕೊನೆಗೆ ಸೇನೆಯ ವಿಮಾನದಲ್ಲಿ ದಿನಸಿ ತರಿಸಿದರು.

ಒಂದು ಡಗ್‌ಔಟ್ ತಂಗುದಾಣದಲ್ಲಿ ಇದ್ದೆ. ಗೋಡೆ ತುಂಬ ಕೊರೆಯುವ ಯಂತ್ರದ ದುಂಡು ಗೀರು. ಕಿಟಕಿಯೇ ಇಲ್ಲ. ದೀಪ ಆರಿಸಿದರೆ ನಮ್ಮ ಕೈ ನಮಗೆ ಕಾಣುವುದಿಲ್ಲ. ಮೊದಲ ರಾತ್ರಿ ಬೇಜಾರಿಗೆ ನಮ್ಮಂಥವರ ಡೇಟಿಂಗ್ ಆ್ಯಪ್ ತೆರೆದೆ. ನನಗೆ ಅತಿ ಹತ್ತಿರ ಇದ್ದವನು ನಾನೂರು ಕಿಲೋಮೀಟರ್ ದೂರದಲ್ಲಿದ್ದ. ಮುಚ್ಚಿ ಮಲಗಿದೆ.

ಆ್ಯಪಿನಲ್ಲಿ ಇಲ್ಲದವನು ಅಡುಗೆಮನೆಯಲ್ಲಿದ್ದ. ಆಲಿಸ್ ಸ್ಪ್ರಿಂಗ್ಸ್‌ನಿಂದ ಖಾಲಿ ಲಾರಿ ಹೊಡೆದುಕೊಂಡು ಬಂದು ಸಿಕ್ಕಿಹಾಕಿಕೊಂಡಿದ್ದ ಡ್ರೈವರ್. ಮೂರು ಟ್ರೈಲರ್ ಎಳೆಯುವ ರೋಡ್ ಟ್ರೇನ್ ಅವನದು. ಬ್ರೆಡ್ ಮುಗಿದಿತ್ತು. ನನ್ನ ಚೀಲದಲ್ಲಿ ಅವಲಕ್ಕಿ, ಕಡಲೆಬೀಜ, ಒಣಮೆಣಸು ಇತ್ತು. ಈರುಳ್ಳಿ ಇಲ್ಲದೆ ಒಗ್ಗರಣೆ ಹಾಕಿ ಇಬ್ಬರಿಗೂ ಕಲಸಿದೆ. ಕೆಮ್ಮುತ್ತಲೇ ಎರಡು ತಟ್ಟೆ ತಿಂದ. ಅವನು ವೈಯಾಲಾ ಊರಿನವನು, ಅಪ್ಪ ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ನಮ್ಮಪ್ಪ ಭದ್ರಾವತಿ ಕಾರ್ಖಾನೆಯಲ್ಲಿ. ಸೈರನ್ ಕೂಗಿದಾಗ ಊಟದ ಡಬ್ಬಿ ಹಿಡಿದು ಗೇಟಿಗೆ ಓಡುತ್ತಿದ್ದದ್ದು, ಅಪ್ಪನ ಅಂಗಿಯ ಆ ಸುಟ್ಟ ವಾಸನೆ, ಎಲ್ಲ ಇಬ್ಬರಿಗೂ ಗೊತ್ತು. ನಾಲ್ಕು ದಿನ ಇದೇ ಮಾತು.

ಐದನೇ ರಾತ್ರಿ ಸುಮ್ನೆ ಕೇಳಿದ, "ಮನೇಲಿ ಹೆಂಡತಿ ಕಾಯುತ್ತಿರಬೇಕು, ಅಲ್ವಾ?" ಹಳೇ ಸುಳ್ಳು ಬಾಯಿವರೆಗೂ ಬಂತು. ನುಂಗಿಕೊಂಡೆ. "ಇಲ್ಲ, ನನಗೆ ಗಂಡಸರೇ ಇಷ್ಟ" ಅಂದೆ. ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಅವನು ನಲ್ಲಿ ಬಿಟ್ಟು ತನ್ನ ತಟ್ಟೆ ತೊಳೆದ. ಆಮೇಲೆ ನನ್ನ ತಟ್ಟೆ ತೊಳೆದ. ಒರೆಸಿಟ್ಟು, ಬೆನ್ನು ಹಾಕಿಕೊಂಡೇ ಹೇಳಿದ, "ಹನ್ನೆರಡು ವರ್ಷದಿಂದ ಈ ರಸ್ತೆಯಲ್ಲಿದ್ದೇನೆ, ಯಾರಿಗೂ ಹೇಳಿಲ್ಲ." ಅವತ್ತು ಹೊರಗೆ ಬಂದು ಗುಡ್ಡದ ಮೇಲೆ ಕೂತೆವು. ಕೈ ಹಿಡಿದುಕೊಂಡಿದ್ದೆವು, ಅಷ್ಟೇ. ಬೆಳಗಾಗುವವರೆಗೂ.

ದಾರಿ ತೆರೆದಾಗ ಅವನ ಲಾರಿ ಮುಂದೆ, ನನ್ನ ಗಾಡಿ ಹಿಂದೆ. ಪೋರ್ಟ್ ಆಗಸ್ಟಾವರೆಗೆ 500 ಕಿಲೋಮೀಟರ್‌ಗೂ ಜಾಸ್ತಿ. ಲಾರಿಯವರೆಲ್ಲ ರೇಡಿಯೋದಲ್ಲಿ ಚಾನೆಲ್ 40 ಕೇಳುತ್ತಾರೆ, ಬೇರೆ ಏನೂ ಹೇಳುವ ಹಾಗಿಲ್ಲ. "ಎಡಗಡೆ ಎಮು ಇದೆ, ನಿಧಾನ" ಅನ್ನುತ್ತಿದ್ದ. "ನೀರು ಕುಡಿದೆಯಾ?" ಅನ್ನುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು. 2024ರಿಂದ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ.

ಈಗ ಅಪಾಯದ ಮಾತು. ಕಾನೂನು ನಿನ್ನ ಕಡೆ ಇದೆ, ಆದರೆ ಅದು ಪುಕ್ಕಟೆ ಬಂದಿದ್ದಲ್ಲ. 1972ರ ಮೇನಲ್ಲಿ ಜಾರ್ಜ್ ಡಂಕನ್ ಅನ್ನುವ ಗೇ ಕಾನೂನು ಮೇಷ್ಟ್ರನ್ನು ಇದೇ ಅಡಿಲೇಡ್‌ನ ಟಾರೆನ್ಸ್ ನದಿಗೆ ತಳ್ಳಿದರು, ಅವರು ಮುಳುಗಿ ಸತ್ತರು. ಆ ಸಿಟ್ಟು, ಆ ಚರ್ಚೆಯ ಮೇಲೆ 1975ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಗಂಡಸರ ನಡುವಿನ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ಇಡೀ ದೇಶದಲ್ಲಿ ಮೊದಲು. ನಮ್ಮ ಭಾರತದಲ್ಲಿ ಇದನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಸಡಿಲವಾಗಿದ್ದು 2018ರ ಸೆಪ್ಟೆಂಬರ್ 6ಕ್ಕೆ. 2017ರಲ್ಲಿ ಇಲ್ಲಿ ಸಲಿಂಗಿಗಳ ಮದುವೆ ಬಗ್ಗೆ ಅಂಚೆಯಲ್ಲಿ ಜನರ ಅಭಿಪ್ರಾಯ ಕೇಳಿದಾಗ 61.6% ಜನ ಹೌದು ಅಂದರು. ಈ ರಾಜ್ಯದ 11 ಕ್ಷೇತ್ರಗಳಲ್ಲೂ ಹೌದು ಗೆದ್ದಿತು. ನೀನು ಹೋಗುತ್ತಿರುವ ಮರಳುಗಾಡಿನ ಕ್ಷೇತ್ರವೂ ಅದರಲ್ಲಿ ಸೇರಿದೆ. ಗಣಿ ಅಂದರೆ ಒರಟರು ಅಂತ ಮೊದಲೇ ತೀರ್ಮಾನ ಮಾಡಬೇಡ.

ಆದರೂ ಹೋದ ಮೊದಲ ದಿನವೇ ಎಲ್ಲರಿಗೂ ಹೇಳಬೇಕಿಲ್ಲ. ಯಾರ ಹತ್ತಿರ ಹೇಳಬೇಕು ಅನ್ನುವುದು ನಿನ್ನ ಕೈಯಲ್ಲಿರಲಿ. ಅಲ್ಲಿ ಯಾರಾದರೂ ನಿನ್ನ ಹತ್ತಿರ ಹೇಳಿಕೊಂಡರೆ ಅದು ನಿನ್ನಲ್ಲೇ ಉಳಿಯಲಿ, ಕ್ಯಾಂಪಿನಲ್ಲಿ ಮಾತು ಬೇಗ ಹರಡುತ್ತದೆ. ಪರಿಚಯವಿಲ್ಲದವರನ್ನು ನೋಡಲು ಹೋಗುವಾಗ ನಿನ್ನದೇ ಗಾಡಿಯಲ್ಲಿ ಹೋಗು, ಎಲ್ಲಿಗೆ ಅಂತ ಒಬ್ಬರಿಗಾದರೂ ತಿಳಿಸು. ಊರು ದಾಟಿದರೆ ಫೋನ್ ಸಿಗುವುದಿಲ್ಲ.

ಮನೆಗೆ ಹೋಗುವಾಗಿನ ವಿಮಾನದ ಬಗ್ಗೆಯೂ ಹೇಳಬೇಕು. ದುಬೈ, ಕೌಲಾಲಂಪುರದಲ್ಲಿ ನಮ್ಮ ಪ್ರೀತಿ ಇನ್ನೂ ಅಪರಾಧ. ಅಲ್ಲಿ ಇಳಿಯುವ ಮುಂಚೆ ಫೋನಿನಿಂದ ಆ್ಯಪ್ ತೆಗೆದುಬಿಡು. ಸಿಂಗಪುರದವರು 2022ರ ಕೊನೆಯಲ್ಲಿ ತಮ್ಮ 377ಎ ತೆಗೆದರು, ನಾನು ಈಗ ಆ ದಾರಿಯಲ್ಲೇ ಬೆಂಗಳೂರಿಗೆ ಹೋಗುತ್ತೇನೆ.

ರಾಕ್ಸ್‌ಬಿಗೆ ಗಾಡಿಯಲ್ಲಿ ಹೋಗುವುದಾದರೆ ಪಿಂಬಾದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಅಲ್ಲೊಂದು ರೋಡ್‌ಹೌಸ್ ಇದೆ. ಇವನು ಪ್ರತಿ ವಾರ ಅಲ್ಲಿ ಲಾರಿ ನಿಲ್ಲಿಸಿ ಟೀ ಕುಡಿಯುತ್ತಾನೆ. ನಿನ್ನ ವಿಷಯ ಅವನಿಗೆ ಹೇಳಲಾ? ಬೇಡ ಅಂದರೆ ಹೇಳುವುದಿಲ್ಲ. ಸರಿ ಅಂದರೆ ಹೊರಡುವ ದಿನ ತಿಳಿಸು, ಕಾದಿರುತ್ತಾನೆ.